ಮೈಕ್ ಸೆಟ್ಟಿನಿಂದ ಡಿಜೆವರೆಗೆ: ಈ ಕೆಲಸದಲ್ಲಿ ಇಷ್ಟು ವರ್ಷ ಉಳಿದದ್ದು ಹೇಗೆ

ಆಷಾಢ ಹಿಡಿದಿದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸೆಟ್ಟೆಲ್ಲ ಗೋಡೌನಿನಲ್ಲಿ ಕೂತಿದೆ. ಬರೆಯೋಕೆ ಪುರುಸೊತ್ತು ಸಿಗುವುದೇ ಈಗ. ಸೀಸನ್ ಉದ್ದಕ್ಕೂ ಹುಡುಗರು ಬಂದು ಕೇಳುವುದು ಒಂದೇ: "ಅಣ್ಣಾ, ನಾನೂ ಡಿಜೆ ಆಗ್ಬೇಕು, ಯಾವ ಕಂಟ್ರೋಲರ್ ತಗೊಳ್ಳಲಿ?" ಆ ಗದ್ದಲದಲ್ಲಿ ಏನು ಹೇಳೋಕಾಗುತ್ತೆ? ಅದಕ್ಕೇ ಎಲ್ಲ ಒಟ್ಟಿಗೆ ಬರೆದಿಡುತ್ತಿದ್ದೇನೆ. ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪಿಗೆ ಜೋಡಿಸಿ ಹಾಡು ಬೆರೆಸುವ ಮಶಿನ್. ಅದರ ಮಾತು ಬರುವುದಕ್ಕೆ ಮೊದಲು ವೈರು, ಕರೆಂಟು, ಬ್ಯಾಂಕು, ಪೊಲೀಸ್ ಠಾಣೆ ಎಲ್ಲ ದಾಟಬೇಕು.

ನಾನು ಶುರು ಮಾಡಿದ್ದು ತೊಂಬತ್ತರ ದಶಕದಲ್ಲಿ, ದಾವಣಗೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ, ಸೋದರಮಾವನ ಮೈಕ್ ಸೆಟ್ಟಿನ ಜೊತೆ. ಎರಡು ಹಾರ್ನ್, ಒಂದು ಅಹುಜಾ ಆಂಪ್ಲಿಫೈಯರ್, ಟೇಪ್ ರೆಕಾರ್ಡರ್, ಟ್ರಂಕ್ ತುಂಬಾ ಕ್ಯಾಸೆಟ್. ಮದುವೆ ಮನೆ ಮುಟ್ಟಿದ ತಕ್ಷಣ ಬೇವಿನ ಮರ ಹತ್ತಿ ಹಾರ್ನ್ ಕಟ್ಟುವುದು ನನ್ನ ಕೆಲಸ. ಹಾಡು ಹಾಕುವುದು ಮಾವನ ಕೆಲಸ. ಟೇಪ್ ಮುಟ್ಟೋಕೆ ಹೋದರೆ "ಮೊದ್ಲು ವೈರ್ ಸುತ್ತೋದು ಕಲಿ" ಅನ್ನುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ನನ್ನ ಹುಡುಗರಿಗೆ ನಾನೂ ಅದನ್ನೇ ಹೇಳುತ್ತೇನೆ. ಮೊಣಕೈಗೆ ಹಾಕಿ ಬಿಗಿಯಾಗಿ ಸುತ್ತಿದ ವೈರಿನ ಒಳಗಿನ ತಂತಿ ತಿರುಚಿಕೊಂಡು ಒಂದು ದಿನ ತುಂಡಾಗುತ್ತದೆ. ಹೊರಗೆ ಕಾಣಿಸುವುದಿಲ್ಲ. ಸರಿಯಾಗಿ ಮಾಂಗಲ್ಯಧಾರಣೆ ಹೊತ್ತಿಗೆ ಮೈಕ್ ಗೊರಗೊರ ಅನ್ನುತ್ತದೆ, ಅಷ್ಟೂ ಜನ ತಿರುಗಿ ನಿಮ್ಮನ್ನು ನೋಡುತ್ತಾರೆ. ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕಿ ಸಡಿಲವಾಗಿ ಸುತ್ತಬೇಕು. ನನ್ನ ಹತ್ತಿರ ಹತ್ತು ವರ್ಷ ದಾಟಿದ ಕೇಬಲ್ ಇವತ್ತಿಗೂ ಓಡುತ್ತಿದೆ.

ಆಮೇಲೆ ಸಿಡಿ ಬಂತು, ಹಾರ್ನ್ ಹೋಗಿ ಬಾಕ್ಸ್ ಬಂತು. ಮಾವನಿಗೆ ವಯಸ್ಸಾಯಿತು, ಸೆಟ್ಟು ನನ್ನ ಕೈಗೆ ಬಂತು. ಆಗ ಸಾಮಾನು ಸಾಗಿಸುವುದೇ ದೊಡ್ಡ ತಲೆನೋವು. ಬೆಳಿಗ್ಗೆ ಗೊಬ್ಬರ ಹೇರಿದ ಟ್ರೈಲರನ್ನೇ ತೊಳೆದು ಸಂಜೆ ಸ್ಪೀಕರ್ ಹೇರಿದ್ದುಂಟು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ನಮ್ಮಂಥವರ ಬದುಕು ಸ್ವಲ್ಪ ಸುಲಭವಾಯಿತು. ಕೆಲವು ವರ್ಷ ಕಾದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ವಾಪಸ್ ಬರುವಾಗ ಹುಡುಗರನ್ನು ಹಿಂದೆ ಸ್ಪೀಕರ್ ಮೇಲೆ ಕೂರಿಸಬೇಡಿ. ಅದು ಗೂಡ್ಸ್ ಗಾಡಿ. ಏನಾದರೂ ಆದರೆ ಹಿಂದೆ ಕೂತವರಿಗೆ ಇನ್ಶೂರೆನ್ಸ್ ಸಿಗುವುದು ಕಷ್ಟ. ಅವರನ್ನು ಬಸ್ಸಿಗೆ ಹತ್ತಿಸಿ, ಬಸ್ ಇಲ್ಲದಿದ್ದರೆ ಎರಡು ಬೈಕ್ ಕಳಿಸಿ.

ಕರೆಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಚನ್ನಗಿರಿ ಕಡೆ ಒಂದು ಮನೆಯಲ್ಲಿ ಅರಿಶಿನ ಶಾಸ್ತ್ರ ಇತ್ತು. ಅಂಗಳದಲ್ಲಿ ಪೆಂಡಾಲ್ ಹಾಕಿದ್ದರು, ಸಂಜೆ ಏಳು ಗಂಟೆ. ಸೆಟ್ ಜೋಡಿಸಿ ಆಗಿತ್ತು. ಪ್ಲಗ್ ಹಾಕುವ ಮೊದಲು ನಾನು ಮಲ್ಟಿಮೀಟರ್ ಹಿಡಿಯುತ್ತೇನೆ, ಅದು ಅಭ್ಯಾಸ. ಒಂದು ಪ್ಲಗ್ಗಿನಲ್ಲಿ 170 ವೋಲ್ಟ್ ತೋರಿಸಿತು. ಒಳಗಿನ ಕೋಣೆಯ ಪ್ಲಗ್ಗಿನಲ್ಲಿ 290. ಎರಡೂ ಕಡೆ 230ರ ಆಸುಪಾಸು ಇರಬೇಕು. ಪೆಂಡಾಲಿನ ಬಲ್ಬುಗಳಲ್ಲಿ ಕೆಲವು ಮಂಕಾಗಿದ್ದವು, ಕೆಲವು ಕಣ್ಣು ಕುಕ್ಕುತ್ತಿದ್ದವು. ಹುಡುಗಿಯ ಅಪ್ಪ ಬಂದು, "ಏನ್ರೀ ಡಿಜೆಯವ್ರೆ, ಜನ ಎಲ್ಲ ಕಾಯ್ತಾ ಇದಾರೆ, ಇನ್ನೂ ಹಾಡೇ ಶುರು ಮಾಡಿಲ್ವಲ್ಲ" ಅಂದರು. "ಯಜಮಾನ್ರೆ, ಸ್ವಲ್ಪ ತಡೀರಿ. ಈಗ ಹಾಕಿದ್ರೆ ನನ್ನ ಸೆಟ್ಟೂ ಹೋಗುತ್ತೆ, ನಿಮ್ಮ ಫ್ರಿಜ್ಜೂ ಹೋಗುತ್ತೆ. ಮೊದ್ಲು ಒಳಗಿನ ಟೀವಿ, ಫ್ರಿಜ್ಜು ಪ್ಲಗ್ ತೆಗೆಸಿ" ಅಂದೆ. ಲೈನ್‌ಮನ್ ಬರುವಷ್ಟರಲ್ಲಿ ಎಂಟೂವರೆ ಆಯಿತು. ಕಂಬದ ಮೇಲೆ ನ್ಯೂಟ್ರಲ್ ವೈರಿನ, ಅಂದರೆ ಕರೆಂಟು ವಾಪಸ್ ಹೋಗುವ ವೈರಿನ, ಜೋಡಣೆ ಸುಟ್ಟು ಸಡಿಲವಾಗಿತ್ತು. ತ್ರೀ ಫೇಸ್ ಇರುವ ಕಡೆ ನ್ಯೂಟ್ರಲ್ ಪೂರ್ತಿ ಕಡಿದುಹೋದರೆ ಮನೆಯ ಪ್ಲಗ್ಗಿಗೆ 400 ವೋಲ್ಟ್ ಹತ್ತಿರದವರೆಗೂ ಬರಬಹುದು. ಆಂಪ್ಲಿಫೈಯರ್ ಹೊಗೆ ಬರೋಕೆ ಅಷ್ಟು ಸಾಕು.

ಅವತ್ತು ಒಂದೂವರೆ ಗಂಟೆ ಹಾಡಿಲ್ಲದೆ ಹುಡುಗರು ಗೊಣಗಿದರು. ಆದರೆ ಆ ಯಜಮಾನರು ಆಮೇಲೆ ತಮ್ಮನ ಮಗನ ಮದುವೆಗೆ ಕರೆದರು, ಬೀಗರ ಊರಿನವರಿಗೂ ನನ್ನ ನಂಬರ್ ಕೊಟ್ಟರು. ಈ ದಂಧೆಯಲ್ಲಿ ನಾನು ಕಂಡುಕೊಂಡದ್ದು ಇದೇ. ಮುಂದೆ ನಿಂತು ಕುಣಿಯುವವರು ನಿಮಗೆ ಮುಂದಿನ ಕೆಲಸ ಕೊಡುವುದಿಲ್ಲ. ಹಿಂದೆ ಕುರ್ಚಿಯಲ್ಲಿ ಕೂತ ಹಿರಿಯರು, ಅಡುಗೆ ಭಟ್ಟರು, ಶಾಮಿಯಾನದವರು, ಕಲ್ಯಾಣ ಮಂಟಪದ ಮ್ಯಾನೇಜರ್, ಇವರೇ ಕೊಡುವುದು. ಇವರ್ಯಾರೂ ಕುಣಿಯುವುದಿಲ್ಲ. ಊಟದ ಪಂಕ್ತಿಯಲ್ಲಿ ಸೌಂಡ್ ಇಳಿಸಿದ್ದೀರಾ, ಹೇಳಿದ ಟೈಮಿಗೆ ಬಂದಿರಾ, ನಡೆದಾಡುವ ಜಾಗದಲ್ಲಿ ವೈರ್ ಹರಡಿದ್ದೀರಾ ಅಂತ ನೋಡುತ್ತಾರೆ ಅಷ್ಟೇ. ಆರತಿ ಹೊತ್ತಿಗೆ ಅಜ್ಜಿಯಂದಿರು ಸೋಬಾನೆ ಹಾಡುತ್ತೇವೆ ಅಂದರೆ ಹಾಡು ನಿಲ್ಲಿಸಿ, ಒಳ್ಳೆಯ ಮೈಕ್ ಕೊಡಿ. ಅದಕ್ಕೆ ಸ್ವಲ್ಪ ಎಕೋ ಕೂಡ ಹಾಕಿ. ಅದೊಂದು ಕೆಲಸಕ್ಕೆ ನನಗೆ ಸಿಕ್ಕಷ್ಟು ಬುಕಿಂಗ್ ಯಾವ ರೀಮಿಕ್ಸಿಗೂ ಸಿಕ್ಕಿಲ್ಲ.

2018ರಲ್ಲಿ ದೊಡ್ಡ ಸೆಟ್ ಮಾಡಬೇಕು ಅಂತ ಮುದ್ರಾ ಸಾಲಕ್ಕೆ ಹೋದೆ. ಮುದ್ರಾದಲ್ಲಿ ಶಿಶು ಅಂದರೆ 50,000ದವರೆಗೆ, ಕಿಶೋರ್ ಅಂದರೆ 5 ಲಕ್ಷದವರೆಗೆ. ನನಗೆ ಬೇಕಿದ್ದದ್ದು ಕಿಶೋರ್. ಬ್ಯಾಂಕಿನವರು ಕೇಳಿದ್ದು ಕೊಟೇಶನ್, ಪಾಸ್‌ಬುಕ್ ಸ್ಟೇಟ್‌ಮೆಂಟ್, ಗೋಡೌನಿನ ಬಾಡಿಗೆ ಕರಾರು, ಮಾಡಿದ ಕೆಲಸಗಳ ಬಿಲ್. ಬಿಲ್ಲಾ? ನಾವು ಮದುವೆ ಮನೆಯಲ್ಲಿ ಬಿಲ್ ಕೊಟ್ಟದ್ದು ಯಾವಾಗ? ಎಲ್ಲ ಕೈಗೆ ಕ್ಯಾಶ್, ಡೈರಿಯಲ್ಲಿ ಲೆಕ್ಕ. ಆ ಡೈರಿ ನೋಡಿ ಮ್ಯಾನೇಜರ್ ನಕ್ಕರು. ಇನ್ನೇನು ಒಪ್ಪಿದರು ಅನ್ನುವಾಗ ಅವರಿಗೇ ವರ್ಗಾವಣೆ ಆಯಿತು. ಹೊಸಬರು ಫೈಲನ್ನು ಮೊದಲಿನಿಂದ ಶುರು ಮಾಡಿದರು. ಮಳೆಗಾಲ ಪೂರ್ತಿ ಅದರಲ್ಲೇ ಹೋಯಿತು.

ಇನ್ನೊಂದು ತೊಡಕು ಯಾರೂ ಮೊದಲೇ ಹೇಳಿರಲಿಲ್ಲ. ಬ್ಯಾಂಕ್ ದುಡ್ಡನ್ನು ನಿಮ್ಮ ಕೈಗೆ ಕೊಡುವುದಿಲ್ಲ, ನೇರ ಅಂಗಡಿಯವರ ಖಾತೆಗೆ ಹಾಕುತ್ತದೆ. ಅಂಗಡಿಗೆ ಜಿಎಸ್‌ಟಿ ನಂಬರ್ ಇರಬೇಕು. ನಮ್ಮ ಬೇಸ್ ಬಾಕ್ಸ್‌ಗಳನ್ನು ಮಾಡುವವರೋ ಬಡಗಿಗಳು. ಪ್ಲೈವುಡ್ ತಂದು, ಅಳತೆ ಪ್ರಕಾರ ಕೊಯ್ದು, ಒಳಗೆ ಸ್ಪೀಕರ್ ಕೂರಿಸುತ್ತಾರೆ. ಅವರ ಹತ್ತಿರ ಎಲ್ಲಿಯ ಜಿಎಸ್‌ಟಿ? ಕೊನೆಗೆ ಆಂಪ್ಲಿಫೈಯರ್, ಮಿಕ್ಸರ್, ಟಾಪ್ ಸ್ಪೀಕರ್ ಸಾಲದಲ್ಲಿ ತಗೊಂಡು, ಬಾಕ್ಸ್ ಮಾಡಿಸೋಕೆ ಹೆಂಡತಿಯ ಸರ ಅಡ ಇಟ್ಟೆ. ಈಗ ಸಾಲಕ್ಕೆ ಹೋಗುವವರು ಮೊದಲು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಮಾಡಿಕೊಳ್ಳಿ. ಆನ್‌ಲೈನ್‌ನಲ್ಲಿ ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಸಾಕು. ಅದಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ. ಗಿರಾಕಿಗಳ ಹತ್ತಿರ ಆದಷ್ಟು ಫೋನ್‌ಪೇ, ಗೂಗಲ್‌ಪೇಯಲ್ಲೇ ತಗೊಳ್ಳಿ. ಎರಡು ಸೀಸನ್ನಿನ ಸ್ಟೇಟ್‌ಮೆಂಟ್ ಇದ್ದರೆ ನನ್ನ ಡೈರಿಗಿಂತ ಜಾಸ್ತಿ ಬೆಲೆ ಬರುತ್ತದೆ.

ಪ್ರತಿ ಸಾಮಾನಿನ ಬಿಲ್ಲೂ ನಿಮ್ಮ ಹೆಸರಿನಲ್ಲೇ ಇರಲಿ. ಯಾಕೆ ಅಂತ ನನಗೆ ಗೊತ್ತಾದದ್ದು ಪೊಲೀಸರು ಮಿಕ್ಸರ್ ತಗೊಂಡು ಹೋದಾಗ. ಒಂದು ರಿಸೆಪ್ಷನ್. ಹತ್ತು ಗಂಟೆಗೆ ನಿಲ್ಲಿಸಿದೆ. ವರನ ಗೆಳೆಯರು "ಇನ್ನೊಂದೇ ಸಾಂಗ್" ಅಂತ ಲ್ಯಾಪ್‌ಟಾಪ್ ಕಿತ್ತುಕೊಂಡು ತಾವೇ ಹಾಕಿದರು. ಯಾರೋ ಅಕ್ಕಪಕ್ಕದವರು ಫೋನ್ ಮಾಡಿದ್ದಾರೆ, ಜೀಪ್ ಬಂತು. ಹುಡುಗರು ಕತ್ತಲಲ್ಲಿ ಕರಗಿದರು, ಸಿಕ್ಕಿದ್ದು ನಾನು ಮತ್ತು ನನ್ನ ಮಿಕ್ಸರ್. ಜಪ್ತಿ ಆದ ವಸ್ತುವನ್ನು "ಸಾರ್ ಸಾರ್" ಅಂದು ವಾಪಸ್ ತರೋಕಾಗಲ್ಲ. ವಕೀಲರನ್ನು ಹಿಡಿದು ಕೋರ್ಟಿಗೆ ಅರ್ಜಿ ಹಾಕಿ, ಇದು ನನ್ನದೇ ಅಂತ ಬಿಲ್ ತೋರಿಸಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಸೀಸನ್ ಮಧ್ಯೆ ಬೇರೆಯವರ ಮಿಕ್ಸರ್ ಬಾಡಿಗೆಗೆ ತಂದು ಓಡಿಸಿದೆ. ಆ ತಿಂಗಳು ದುಡಿದದ್ದೆಲ್ಲ ವಕೀಲರ ಫೀಸು, ಬಾಡಿಗೆಗೇ ಹೋಯಿತು.

ಅದಕ್ಕೇ ನಿಯಮ ತಿಳಿದುಕೊಂಡಿರಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲು ಹಾಕೋಕೂ ಲಿಖಿತ ಅನುಮತಿ ಬೇಕು. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹಬ್ಬಗಳಿಗೆ 12 ಗಂಟೆವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕೆ ಇದೆ, ಅದೂ ವರ್ಷಕ್ಕೆ ಒಟ್ಟು 15 ದಿನ ಮಾತ್ರ. ನಿಮ್ಮ ಗೆಳೆಯನ ರಿಸೆಪ್ಷನ್ ಅದರಲ್ಲಿ ಬರಲ್ಲ. ಮುಚ್ಚಿದ ಹಾಲ್‌ಗೆ ವಿನಾಯಿತಿ ಇದೆ ಅಂತ ಕೆಲವರು ವಾದ ಮಾಡುತ್ತಾರೆ. ಇದೆ, ನಿಜ. ಆದರೆ ನಾಲ್ಕೂ ಬಾಗಿಲು ತೆಗೆದಿಟ್ಟು, ಬೇಸ್ ಬಾಕ್ಸನ್ನು ಬಾಗಿಲಲ್ಲೇ ನಿಲ್ಲಿಸಿದ ಕಲ್ಯಾಣ ಮಂಟಪ ಮುಚ್ಚಿದ ಹಾಲ್ ಹೇಗಾಗುತ್ತೆ?

ಅನುಮತಿ ಅರ್ಜಿಯನ್ನು ಮನೆಯವರ ಹೆಸರಿನಲ್ಲೇ ಹಾಕಿಸಿ, ನಿಮ್ಮ ಹೆಸರಿನಲ್ಲಿ ಬೇಡ. ಆಮಂತ್ರಣ ಪತ್ರಿಕೆ, ಮಂಟಪದ ರಸೀದಿ, ಮನೆಯವರ ಆಧಾರ್ ಪ್ರತಿ, ಎಷ್ಟು ಸ್ಪೀಕರ್ ಅನ್ನುವ ವಿವರ, ಗಾಡಿ ನಂಬರ್, ಇಷ್ಟು ಇಟ್ಟುಕೊಂಡು ಒಂದು ವಾರ ಮೊದಲೇ ಪೊಲೀಸ್ ಠಾಣೆಗೆ ಕೊಡಿ. ಹಿಂದಿನ ದಿನ ಹೋದರೆ ಸಾಹೇಬರು ಬಂದೋಬಸ್ತಿಗೆ ಹೋಗಿರುತ್ತಾರೆ, ಬೆಂಚಿನ ಮೇಲೆ ಕೂತು ಫ್ಯಾನ್ ನೋಡುವುದೇ ಕೆಲಸ. ಸ್ವೀಕೃತಿ ಸೀಲ್ ಹಾಕಿದ ಪ್ರತಿಯನ್ನು ಗಾಡಿಯಲ್ಲೇ ಇಡಿ. ಈಗ ನಾನು ಬುಕಿಂಗ್ ಪುಸ್ತಕದಲ್ಲೇ "ರಾತ್ರಿ 10ಕ್ಕೆ ಬಂದ್" ಅಂತ ಅಚ್ಚು ಹಾಕಿಸಿದ್ದೇನೆ, ಹುಡುಗಿಯ ಅಪ್ಪನ ಸಹಿ ತಗೊಳ್ಳುತ್ತೇನೆ. ಒಂಬತ್ತೂ ಮುಕ್ಕಾಲಿಗೆ ಅವರನ್ನೇ ಸ್ಟೇಜಿಗೆ ಕರೆದು ಮೈಕಿನಲ್ಲಿ ಹೇಳಿಸುತ್ತೇನೆ. ನಾನು ಹೇಳಿದರೆ ಜಗಳ, ಅವರು ಹೇಳಿದರೆ ಹುಡುಗರು ಊಟಕ್ಕೆ ಹೋಗುತ್ತಾರೆ.

ಹಾಡಿನ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಒಬ್ಬ ಸ್ಟಾರಿನ ಹಾಡು ಹಾಕಿದರೆ ಇನ್ನೊಬ್ಬರ ಅಭಿಮಾನಿಗಳು ಬಂದು ಟೇಬಲ್ ಹಿಡಿಯುತ್ತಾರೆ. ಸಾಧ್ಯವಾದಷ್ಟು ಒಂದರ ಹಿಂದೆ ಇನ್ನೊಂದು ಹಾಕಿ ಸರಿದೂಗಿಸಬಹುದು. ಆದರೆ ಒಂದು ಜಾತಿಯನ್ನೋ ಧರ್ಮವನ್ನೋ ಪಕ್ಷವನ್ನೋ ಕೆಣಕುವ ಹಾಡಿನ ಪೆನ್‌ಡ್ರೈವ್ ತಂದರೆ, ಎಷ್ಟು ದುಡ್ಡು ಕೊಟ್ಟರೂ ಬೇಡ. ನಮ್ಮ ಹತ್ತಿರ ಆ ಹಾಡು ಓಡಲ್ಲ, ಫೈಲ್ ಓಪನ್ ಆಗ್ತಿಲ್ಲ ಅಂತ ಹೇಳಿಬಿಡಿ. ಕೇಸ್ ಬಿದ್ದರೆ ಹಾಡು ಕೊಟ್ಟವನು ಸಾಕ್ಷಿ ಹೇಳೋಕೂ ಬರುವುದಿಲ್ಲ.

ಕಂಟ್ರೋಲರ್ ಬಗ್ಗೆ ಹೇಳಿಬಿಡುತ್ತೇನೆ. ಮದುವೆ ಕೆಲಸಕ್ಕೆ ಒಮ್ಮೆಗೆ ಎರಡು ಹಾಡು ಬೆರೆಸುವ ಎರಡು ಚಾನೆಲ್‌ನದು ಸಾಕು. ಪಯೋನಿಯರ್‌ನ ಡಿಡಿಜೆ-400 ನಾನು ವರ್ಷಗಟ್ಟಲೆ ಓಡಿಸಿದೆ, ಈಗ ಹುಡುಗರು ಎಫ್‌ಎಲ್‌ಎಕ್ಸ್4 ತರುತ್ತಾರೆ. ಎರಡರಲ್ಲೂ ಕೆಲಸ ಆಗುತ್ತೆ. ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಲ್ಯಾಪ್‌ಟಾಪ್ ಬಗ್ಗೆ. ಅಪ್‌ಡೇಟ್ ಆಫ್ ಮಾಡಿ, ವೈಫೈ ಆಫ್ ಮಾಡಿ, ಹಾಡೆಲ್ಲ ಒಳಗೇ ಇರಲಿ. ಹಳ್ಳಿ ಮದುವೆಯಲ್ಲಿ ನೆಟ್‌ವರ್ಕ್ ನಂಬಿ ನಿಂತರೆ ಹಾಡು ಅರ್ಧದಲ್ಲೇ ಸುತ್ತುತ್ತಾ ನಿಲ್ಲುತ್ತದೆ. ವಾಟ್ಸಾಪಿನಲ್ಲಿ ಬಂದ ಹಾಡನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಬೇಡಿ, ತಗಡು ಬಡಿದ ಹಾಗೆ ಕೇಳುತ್ತೆ. ಆಂಪ್ಲಿಫೈಯರಿನ ಕೆಂಪು ದೀಪ ಒಂದೇ ಸಮ ಉರಿಯುತ್ತಿದ್ದರೆ ವಾಲ್ಯೂಮ್ ಇಳಿಸಿ. ಯಾರು ಏನೇ ಅಂದರೂ ಇಳಿಸಿ. ಮೊದಲು ಟ್ವೀಟರ್ ಡಯಾಫ್ರಾಮ್ ಹೋಗುತ್ತೆ, ಆಮೇಲೆ ಬೇಸ್ ಸ್ಪೀಕರಿನಿಂದ ಕಾಯಿಲ್ ಸುಟ್ಟ ವಾಸನೆ ಬರುತ್ತೆ. ಆ ವಾಸನೆ ಒಮ್ಮೆ ಕುಡಿದವರು ಮರೆಯುವುದಿಲ್ಲ.

2020ರ ಮಾರ್ಚ್. ಯುಗಾದಿ ಮುಂದೆ ಇತ್ತು, ಏಪ್ರಿಲ್, ಮೇ ಎರಡೂ ತಿಂಗಳು ಡೈರಿ ತುಂಬಿತ್ತು. ಲಾಕ್‌ಡೌನ್ ಆಯಿತು. ಅಡ್ವಾನ್ಸ್ ಕೊಟ್ಟವರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಕೆಲವರು ನಯವಾಗಿ, ಕೆಲವರು ಗದರಿ. ಆ ದುಡ್ಡು ಆಗಲೇ ಹೊಸ ಲೈಟುಗಳಿಗೆ ಹೋಗಿತ್ತು. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: ಅರ್ಧ ಈಗ ಕೊಡ್ತೀನಿ, ಇನ್ನರ್ಧ ಮದುವೆ ಯಾವಾಗ ಆದರೂ ಲೆಕ್ಕಕ್ಕೆ ಹಿಡೀತೀನಿ. ಬಹಳ ಜನ ಒಪ್ಪಿದರು. ಮುಂದೆ 50 ಜನರಿಗೆ ಮಾತ್ರ ಅಂತ ಮದುವೆಗೆ ಅನುಮತಿ ಬಂತು. ಐವತ್ತು ಜನರ ಮದುವೆಗೆ ಡಿಜೆ ಯಾರಿಗೆ ಬೇಕು? ಬ್ಯಾಂಕಿನವರು ಕಂತು ಮುಂದೂಡಿದರು, ಬಡ್ಡಿ ಮಾತ್ರ ಸೇರುತ್ತಲೇ ಇತ್ತು. ನನ್ನ ಹುಡುಗರಲ್ಲಿ ಒಬ್ಬ ತರಕಾರಿ ಗಾಡಿ ಹಾಕಿದ, ಇನ್ನೊಬ್ಬ ಊರಿಗೆ ಹೋಗಿ ಮೆಕ್ಕೆಜೋಳ ಬಿತ್ತಿದ. ಏಸ್ ಇದ್ದದ್ದರಿಂದ ನಾನು ಅಡಿಕೆ, ಗೊಬ್ಬರದ ಚೀಲ ಸಾಗಿಸಿ ಮನೆ ನಡೆಸಿದೆ.

ಆ ಸಮಯದಲ್ಲಿ ಗೋಡೌನಿಗೆ ಹೋಗುವ ಮನಸ್ಸೇ ಬರುತ್ತಿರಲಿಲ್ಲ. ಒಂದು ದಿನ ಬಾಗಿಲು ತೆಗೆದರೆ ಇಲಿ ಸ್ಪೀಕರಿನ ಕೋನ್ ಅಂಚನ್ನು ಸುತ್ತ ಕಡಿದಿತ್ತು, ಒಳಗೆ ಪಿಂಕ್ ಬಣ್ಣದ ಮರಿಗಳು. ಬೆಂಗಳೂರಿನ ಎಸ್.ಪಿ. ರೋಡಿಗೆ ತಗೊಂಡು ಹೋಗಿ ರೀಕೋನ್ ಮಾಡಿಸಿದೆ, ಅಂದರೆ ಹೊಸ ಕೋನ್ ಹಾಕಿಸಿದೆ. ಹೊಸದರ ಮೂರನೇ ಒಂದು ಪಾಲು ಖರ್ಚಾಯಿತು. ಹಾಗಾಗಿ ಆಷಾಢ, ಧನುರ್ಮಾಸದಲ್ಲಿ ಸೆಟ್ಟನ್ನು ಸುಮ್ನೆ ಮಲಗಿಸಬೇಡಿ. ವಾರಕ್ಕೊಮ್ಮೆ ಒಂದು ಗಂಟೆ ಎಲ್ಲವನ್ನೂ ಆನ್ ಮಾಡಿ, ಸಣ್ಣ ಸೌಂಡಿನಲ್ಲಿ ಓಡಿಸಿ. ಒಳಗಿನ ತೇವ ಆರುತ್ತೆ, ಇಲಿಯೂ ಜಾಗ ಖಾಲಿ ಮಾಡುತ್ತೆ.

ಕೋವಿಡ್ ಮುಗಿದ ಮೇಲೆ ಮದುವೆಗಳು ಮೊದಲಿಗಿಂತ ದೊಡ್ಡದಾದವು. ಅರಿಶಿನಕ್ಕೆ ಬೇರೆ ಡಿಜೆ, ಸಂಗೀತ್‌ಗೆ ಬೇರೆ, ರಿಸೆಪ್ಷನ್ನಿಗೆ ಬೇರೆ. ಆಗಲೇ ಹೊಸ ತಕರಾರು ಶುರುವಾಯಿತು. ಒಂದು ಹೋಟೆಲಿನವರು ರಿಸೆಪ್ಷನ್ ದಿನವೇ ಬಂದು "ಹಾಡಿನ ಲೈಸೆನ್ಸ್ ತೋರಿಸಿ, ಇಲ್ಲಾಂದ್ರೆ ಸೌಂಡ್ ಹಾಕೋಕೆ ಬಿಡಲ್ಲ" ಅಂತ ಕೂತರು. ಮನೆಯವರು ಗಾಬರಿಯಾದರು. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ಹಾಕುವುದಕ್ಕೆ ವಿನಾಯಿತಿ ಇದೆ. ಕೇಂದ್ರ ಸರ್ಕಾರದ ಇಲಾಖೆ 2023ರ ಜುಲೈನಲ್ಲಿ ಇದನ್ನೇ ಸ್ಪಷ್ಟಪಡಿಸಿ ಸಾರ್ವಜನಿಕ ಪ್ರಕಟಣೆಯನ್ನೂ ಹೊರಡಿಸಿದೆ. ಅದರ ಪ್ರಿಂಟ್ ಒಂದು ನನ್ನ ಗಾಡಿಯಲ್ಲಿ ಈಗ ಯಾವಾಗಲೂ ಇರುತ್ತದೆ. ಹೊಸ ವರ್ಷದ ಪಾರ್ಟಿ, ಟಿಕೆಟ್ ಇಟ್ಟ ಕಾರ್ಯಕ್ರಮಗಳ ಕಥೆ ಬೇರೆ. ಅಲ್ಲಿ ಹಾಡಿನ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳ ಲೈಸೆನ್ಸ್ ಬೇಕಾಗುತ್ತೆ. ಅದನ್ನು ಮಾಡಿಸುವುದು ಕಾರ್ಯಕ್ರಮ ನಡೆಸುವವರ ಜವಾಬ್ದಾರಿ ಅಂತ ಬುಕಿಂಗ್ ಹಾಳೆಯಲ್ಲೇ ಬರೆಸಿಕೊಳ್ಳಿ. ಇನ್ನು ಜಿಎಸ್‌ಟಿ: ನಮ್ಮದು ಸೇವೆಯ ಲೆಕ್ಕ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು.

ಈ ನಡುವೆ ಕಿವಿ. ಮನೆಯಲ್ಲಿ ಟೀವಿ ಸೌಂಡ್ ಜಾಸ್ತಿ ಇಡುತ್ತೀಯ ಅಂತ ಮಗಳು ಬೈಯುತ್ತಿದ್ದಳು. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಪೀಂ ಶಬ್ದ ಕೇಳಿದಾಗಲೆಲ್ಲ ಬಟನ್ ಒತ್ತು ಅಂದರು. ಬಹಳ ಹೊತ್ತು ಏನೂ ಕೇಳಲಿಲ್ಲ. ಮಶಿನ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ಮಶಿನ್ ಅಲ್ಲ. ಗ್ರಾಫಿನಲ್ಲಿ ಗೆರೆ ನೆಟ್ಟಗೆ ಬಂದು 4000 ಹರ್ಟ್ಜ್ ಹತ್ತಿರ ಹಳ್ಳಕ್ಕೆ ಬಿದ್ದಿತ್ತು. ದೊಡ್ಡ ಶಬ್ದದಲ್ಲಿ ಕೆಲಸ ಮಾಡುವವರಿಗೆ ಅಲ್ಲೇ ಮೊದಲು ಪೆಟ್ಟು ಬೀಳುವುದಂತೆ. ಹೋದದ್ದು ವಾಪಸ್ ಬರಲ್ಲ ಅಂದರು. 85 ಡೆಸಿಬಲ್‌ನಲ್ಲಿ 8 ಗಂಟೆ ಇರಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ. 100 ಡೆಸಿಬಲ್‌ಗೆ ಬಂದರೆ ಕಾಲು ಗಂಟೆ ಅಷ್ಟೇ. ನಾವು ನಿಲ್ಲುವ ಜಾಗದಲ್ಲಿ ನೂರು ಅಂದರೆ ಮಾಮೂಲಿ. ಮೆಡಿಕಲ್ ಶಾಪಿನ ಫೋಮ್ ಪ್ಲಗ್ ಅಗ್ಗ, ಆದರೆ ಹಾಡು ಕಂಬಳಿ ಒಳಗಿಂದ ಬಂದ ಹಾಗಿರುತ್ತೆ. ಸಂಗೀತದವರಿಗೇ ಅಂತ ಮಾಡಿದ ಪ್ಲಗ್ ಸಿಗುತ್ತೆ, ಅದರಲ್ಲಿ ಎಲ್ಲವೂ ಸಮವಾಗಿ ಇಳಿಯುತ್ತೆ. ಮೊದಲ ಸಂಪಾದನೆಯಲ್ಲೇ ಅದನ್ನು ತಗೊಳ್ಳಿ. ನಿಮ್ಮ ಹುಡುಗರಿಗೂ ಕೊಡಿ, ಬೇಸ್ ಪಕ್ಕದಲ್ಲೇ ಮಲಗುವವರು ಅವರೇ.

ಕೊನೆಯದು ಗಣೇಶ ಹಬ್ಬ. ವಿಸರ್ಜನೆ ಮೆರವಣಿಗೆ ನಮ್ಮ ಕಡೆ ಡಿಜೆಯವರಿಗೆ ವರ್ಷದ ದೊಡ್ಡ ದುಡಿಮೆ. ಮದುವೆಯ ಇಡೀ ತಿಂಗಳಲ್ಲಿ ಬರುವಷ್ಟು ಆ ಹತ್ತಿಪ್ಪತ್ತು ದಿನದಲ್ಲಿ ಬರುತ್ತಿತ್ತು. 2025ರಲ್ಲಿ ದಾವಣಗೆರೆ ಜಿಲ್ಲೆಯಲ್ಲೂ ಮೆರವಣಿಗೆಗೆ ಡಿಜೆ ನಿಷೇಧ ಆಯಿತು. ನಿಷೇಧ ತಪ್ಪು ಅಂತ ನಾನು ಹೇಳಲಾರೆ. ಮೆರವಣಿಗೆ ಗಾಡಿಯ ಮುಂದೆ ನಿಂತರೆ ಎದೆಯೊಳಗೆ ಏನಾಗುತ್ತೆ ಅಂತ ನನಗೆ ಗೊತ್ತು. ಆದರೆ ಆ ದುಡಿಮೆ ನಂಬಿ ಸಾಲ ಮಾಡಿ ಎಂಟು, ಹದಿನಾರು ಬೇಸ್ ಕಟ್ಟಿದ ಹುಡುಗರು ಎಷ್ಟೋ ಜನ ಇದ್ದಾರೆ. ಮೆರವಣಿಗೆಯನ್ನೇ ನಂಬಿ ಸಾಲ ಮಾಡಬೇಡಿ. ಅನುಮತಿ ಸಿಕ್ಕಿತು ಅಂತ ಖಾತ್ರಿಯಾಗುವವರೆಗೆ ಮಂಡಳಿಯವರ ಅಡ್ವಾನ್ಸ್ ಖರ್ಚು ಮಾಡಬೇಡಿ.

ನಾನು ಈ ಸಲ ದೊಡ್ಡ ಬೇಸ್‌ಗಳಲ್ಲಿ ಅರ್ಧವನ್ನು ಮಾರಿದೆ. ಹಾಕಿದ ದುಡ್ಡಿನ ಅರ್ಧವೂ ಬರಲಿಲ್ಲ, ಕೊಳ್ಳುವವರೇ ಕಮ್ಮಿ. ಬಂದದ್ದರಲ್ಲಿ ಹಾಲ್‌ಗೆ ಹೊಂದುವ ಸಣ್ಣ ಸ್ಪೀಕರ್, ಎರಡು ಒಳ್ಳೆಯ ಕಾರ್ಡ್‌ಲೆಸ್ ಮೈಕ್ ತಗೊಂಡೆ. ತಂಗಿಯ ಮಗ ಹಾಡು ಹಾಕುತ್ತಾನೆ, ನಾನು ಮೀಟರ್ ಹಿಡಿದು ಕರೆಂಟು, ಲೆಕ್ಕ ನೋಡುತ್ತೇನೆ. ರೇಟ್ ಎಷ್ಟು ಅಂತ ಕೇಳುವವರಿಗೆ: ನಮ್ಮ ಕಡೆ ಲೈಟೂ ಸೇರಿ ಒಂದು ಸಂಜೆಗೆ ನಾನು 20ರಿಂದ 25 ಸಾವಿರ ತಗೊಳ್ಳುತ್ತೇನೆ. ಜನರೇಟರ್ ಬಾಡಿಗೆ, ಡೀಸೆಲ್ ಅವರದ್ದೇ. ಮೂರನೇ ಒಂದು ಪಾಲು ಬುಕಿಂಗ್ ದಿನ, ಮೂರನೇ ಒಂದು ಪಾಲು ಸೆಟ್ ಇಳಿಸಿದಾಗ, ಉಳಿದದ್ದು ಕೊನೆಯ ಹಾಡಿಗೆ ಮೊದಲು. ಮಾರನೇ ದಿನ ಬಂದು ಇಸ್ಕೊಳ್ಳಿ ಅಂದರೆ ಒಪ್ಪಬೇಡಿ. ಮಾರನೇ ದಿನ ಮದುವೆ ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ, ದುಡ್ಡಿನ ಚೀಲ ಯಾವ ಚಿಕ್ಕಪ್ಪನ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರಲ್ಲ.